ಬಣ್ಣದ ಉಣ್ಣೆ ನೂಲಲು ಯಾವುದು ಸರಿ: ತಕಲಿಯೋ, ಚರಕವೋ, ಪೆಡಲ್ ರಾಟೆಯೋ, ಮೋಟಾರೋ?

ಬಣ್ಣ ಹಾಕಿ ಜಡೆ ಹೆಣೆದ ಉಣ್ಣೆ ಕಣ್ಣಿಗೆ ಬಿದ್ದರೆ ಮನಸ್ಸು ಸೋಲುತ್ತದೆ. ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ಇಳಿಯುವ 100 ಗ್ರಾಂ ಉಣ್ಣೆ ಮನೆಗೆ ಬಂದಾಗಿರುತ್ತದೆ. ಇದನ್ನು ಯಾವುದರಲ್ಲಿ ನೂಲುವುದು ಅನ್ನುವ ಪ್ರಶ್ನೆ ಆಮೇಲೆ ಬರುತ್ತದೆ. ಹೆಣಿಗೆ, ಕ್ರೋಶ ಮಾಡುವ ಗೆಳತಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಸಿಡಿಯಿಂದ ಮನೆಯಲ್ಲೇ ಮಾಡಿದ ತಕಲಿ ಸಾಕಾ, ಖಾದಿಯವರ ಪೆಟ್ಟಿಗೆ ಚರಕ ಆಗುತ್ತಾ, ನ್ಯೂಜಿಲೆಂಡಿನಿಂದ ಪೆಡಲ್ ರಾಟೆ ತರಿಸಬೇಕಾ, ಇಲ್ಲ ಈಗ ಬಂದಿರುವ ಪುಟ್ಟ ಮೋಟಾರ್ ಯಂತ್ರವೇ ಒಳ್ಳೆಯದಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ದುಡ್ಡನ್ನು ಉಣ್ಣೆಗೆ ಹಾಕಿ, ಉಪಕರಣಕ್ಕೆ ಆಮೇಲೆ. ನೂಲಿನಲ್ಲಿ ಬಣ್ಣ ಹೇಗೆ ಕೂರುತ್ತದೆ ಅನ್ನುವುದು ನೀವು ಉಣ್ಣೆಯನ್ನು ಹೇಗೆ ಸೀಳುತ್ತೀರಿ, ಎಷ್ಟು ಎಳೆ ಸೇರಿಸಿ ಹುರಿ ಹಾಕುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಉಪಕರಣ ಬದಲಾದರೆ ಬದಲಾಗುವುದು ವೇಗ, ಮೈಗೆ ಆಗುವ ಆಯಾಸ, ಮತ್ತು ಒಂದು ಸಲಕ್ಕೆ ಎಷ್ಟು ನೂಲಬಹುದು ಎನ್ನುವುದು ಮಾತ್ರ.

ಮೊದಲು ಯೋಚಿಸಬೇಕಾದದ್ದು

ನೂಲಿನಿಂದ ಏನು ಮಾಡುತ್ತೀರಿ? ಒಂದು ಟೋಪಿಗೆ 100ರಿಂದ 150 ಮೀಟರ್ ನೂಲು ಸಾಕು. ದೊಡ್ಡವರ ಸ್ವೆಟರ್‌ಗೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬೇಕು, ನೂಲು ಸಣ್ಣದಾದರೆ ಅದಕ್ಕೂ ಜಾಸ್ತಿ. ಇದು ಹುರಿ ಹಾಕಿ ಮುಗಿದ ನೂಲಿನ ಲೆಕ್ಕ. ಎರಡೆಳೆ ನೂಲು ಬೇಕಾದರೆ ಒಂಟಿ ಎಳೆಯನ್ನು ಅದರ ಎರಡು ಪಟ್ಟು ನೂಲಿರಬೇಕು, ಮೂರೆಳೆಗೆ ಮೂರು ಪಟ್ಟು. ಈ ಲೆಕ್ಕ ಮಾಡದೆ ತಕಲಿಯಲ್ಲಿ ಸ್ವೆಟರ್‌ಗೆ ಕೈ ಹಾಕಿದವರು ಅರ್ಧಕ್ಕೆ ಬಿಡುವುದು ಜಾಸ್ತಿ.

ಎರಡನೆಯದು ನಿಮ್ಮ ಮೈ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಎಷ್ಟು ಹೊತ್ತು ಕೂರಬಲ್ಲಿರಿ? ಭುಜ ನೋವಿದೆಯಾ, ಮೊಣಕಾಲು ನೋವಿದೆಯಾ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಉಪಕರಣ ಮೂಲೆ ಸೇರುವುದು ಬಹುಪಾಲು ಇದೇ ಕಾರಣಕ್ಕೆ.

ಮೂರನೆಯದು ಜಾಗ ಮತ್ತು ಸಮಯ. ಮೆಟ್ರೋದಲ್ಲಿ, ಮಗುವಿನ ಸಂಗೀತ ಪಾಠ ಮುಗಿಯುವ ತನಕ ಹೊರಗೆ ಕಾಯುವಾಗ ನೂಲುತ್ತೀರಾ, ಅಥವಾ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಲ್‌ನಲ್ಲಿ ಕೂತು ನೂಲುತ್ತೀರಾ? ಕೊನೆಗೆ ದುಡ್ಡು. ಕೊಳ್ಳುವ ಬೆಲೆಯ ಜೊತೆಗೆ ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ಸರಿ ಮಾಡುತ್ತಾರೆ ಅನ್ನುವುದನ್ನೂ ಸೇರಿಸಿ ನೋಡಿ.

ಬಣ್ಣದ ಕೆಲಸ ಹೇಗೆ ನಡೆಯುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಇದು ಗೊತ್ತಿದ್ದರೆ ಉಪಕರಣದ ಆಯ್ಕೆ ಅರ್ಧ ಮುಗಿದ ಹಾಗೆ.

ಜಡೆ ಬಿಚ್ಚಿದರೆ ಮೂರು ಬೆರಳು ದಪ್ಪದ ಉದ್ದನೆಯ ಪಟ್ಟಿ ಸಿಗುತ್ತದೆ. ಇದನ್ನು ಕಾಂಬ್ಡ್ ಟಾಪ್ ಅನ್ನುತ್ತಾರೆ. ಅಂದರೆ ಬಾಚಿ ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ತಂದ ಉಣ್ಣೆ. ಸೀಳದೆ ಹಾಗೇ ನೂಲಿದರೆ ಒಂದೊಂದು ಬಣ್ಣವೂ ತುಂಬಾ ಉದ್ದಕ್ಕೆ ಓಡುತ್ತದೆ. ಉದ್ದಕ್ಕೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಸೀಳಿದಷ್ಟೂ ಬಣ್ಣದ ಓಟ ಚಿಕ್ಕದಾಗುತ್ತದೆ, ಪಟ್ಟೆಗಳು ಹತ್ತಿರ ಹತ್ತಿರ ಬರುತ್ತವೆ. ಬಣ್ಣ ಹಾಕುವಾಗ ಬಿಸಿ ನೀರಿನಲ್ಲಿದ್ದ ಉಣ್ಣೆ ಸ್ವಲ್ಪ ಒತ್ತಿಕೊಂಡಿರುತ್ತದೆ. ಹಾಗಾಗಿ ನೂಲುವ ಮೊದಲು ಪಟ್ಟಿಯನ್ನು ಅಡ್ಡಕ್ಕೆ ಅಗಲಿಸಿ, ಉದ್ದಕ್ಕೆ ಮೆಲ್ಲಗೆ ಜಗ್ಗಿ ಸಡಿಲ ಮಾಡಿಕೊಳ್ಳಿ.

ಆಮೇಲೆ ಹುರಿ. ಎರಡು ಎಳೆಗಳಲ್ಲಿ ಒಂದೇ ಬಣ್ಣ ಒಂದೇ ಜಾಗಕ್ಕೆ ಬಂದರೆ ಗಟ್ಟಿ ಪಟ್ಟೆ ಸಿಗುತ್ತದೆ. ಬೇರೆ ಬೇರೆ ಬಣ್ಣ ಜೊತೆಯಾದರೆ ಎರಡೂ ಸುತ್ತಿಕೊಂಡು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಇಲ್ಲಿ ಬಣ್ಣಗಳ ನಂಟು ಮುಖ್ಯ. ನೀಲಿಗೆ ಹಸಿರು, ಕೆಂಪಿಗೆ ಕಿತ್ತಳೆ ಜೊತೆಯಾದರೆ ಹೊಳಪು ಉಳಿಯುತ್ತದೆ. ಕೆಂಪು-ಹಸಿರು, ಹಳದಿ-ನೇರಳೆ ಜೊತೆಯಾದರೆ ಹತ್ತಿರದಿಂದ ಚೆಂದ, ಹೆಣೆದ ಮೇಲೆ ದೂರದಿಂದ ಮಾಸಲು ಕಂದು. ಜಡೆಯಲ್ಲಿ ಇಂಥ ಎದುರು ಬಣ್ಣಗಳಿದ್ದರೆ ಸರಪಳಿ ಹುರಿ ಒಳ್ಳೆಯದು. ಒಂದೇ ಎಳೆಯನ್ನು ಕ್ರೋಶದ ಚೈನ್ ಹಾಗೆ ದೊಡ್ಡ ಕುಣಿಕೆ ಮಾಡುತ್ತಾ ತನ್ನ ಮೇಲೇ ಮೂರಾಗಿ ಮಡಚಿ ಹುರಿ ಹಾಕುವುದು. ಬಣ್ಣದ ಸಾಲು ಕೆಡುವುದಿಲ್ಲ, ಪ್ರತಿ ಬಣ್ಣವೂ ಶುದ್ಧವಾಗಿ ಉಳಿಯುತ್ತದೆ. ನೂಲು ಮಾತ್ರ ದಪ್ಪವಾಗುತ್ತದೆ, ಉದ್ದ ಕಮ್ಮಿಯಾಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಫ್ರಾಕ್ಟಲ್. ಜಡೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಒಂದು ಭಾಗವನ್ನು ಹಾಗೇ ನೂಲಿ. ಇನ್ನೊಂದನ್ನು ಮತ್ತೆ ಉದ್ದಕ್ಕೆ ನಾಲ್ಕು ಸೀಳು ಮಾಡಿ, ಒಂದಾದ ಮೇಲೊಂದರಂತೆ ನೂಲಿ. ಎರಡನ್ನೂ ಸೇರಿಸಿ ಹುರಿ ಹಾಕಿದರೆ ಒಂದು ಎಳೆಯಲ್ಲಿ ಬಣ್ಣ ನಿಧಾನವಾಗಿ ಬದಲಾಗುತ್ತಿರುವಾಗ ಇನ್ನೊಂದರಲ್ಲಿ ಅದೇ ಬಣ್ಣಗಳು ಬೇಗ ಬೇಗ ಬಂದು ಹೋಗುತ್ತವೆ. ಅಲ್ಲಲ್ಲಿ ಎರಡೂ ಒಂದಾಗುತ್ತವೆ, ಮತ್ತೆ ಬೇರೆಯಾಗುತ್ತವೆ. ಸುಮ್ನೆ ನೇರ ಹೆಣಿಗೆ ಹೆಣೆದರೂ ನೋಡುತ್ತಾ ಕೂರಬಹುದು.

ತೂಗು ತಕಲಿ

ಡ್ರಾಪ್ ಸ್ಪಿಂಡಲ್ ಅನ್ನುತ್ತಾರಲ್ಲ, ನೂಲಿಗೇ ನೇತಾಡುತ್ತಾ ತಿರುಗುವ ತಕಲಿ. ಶಾಲೆಯಲ್ಲಿ ಹತ್ತಿ ನೂಲುತ್ತಿದ್ದ ಲೋಹದ ಕಡ್ಡಿಯ ತಕಲಿ ಬೇರೆ. ಅದು ತೀರಾ ಹಗುರ, ಹತ್ತಿಯ ಗಿಡ್ಡ ಎಳೆಗೆ ಮಾಡಿದ್ದು, ತುದಿಯನ್ನು ಬಟ್ಟಲಿನಲ್ಲಿಟ್ಟು ತಿರುಗಿಸಬೇಕು. ಉಣ್ಣೆಗೆ, ಅದರಲ್ಲೂ ಕಲಿಯುವವರಿಗೆ, 30ರಿಂದ 50 ಗ್ರಾಂ ತೂಗುವ ಮರದ ತಕಲಿ ಸರಿ. ಅದಕ್ಕಿಂತ ಭಾರವಾದರೆ ಸಣ್ಣ ನೂಲು ಪಟಪಟ ಕಿತ್ತುಹೋಗುತ್ತದೆ, ತೀರಾ ಹಗುರವಾದರೆ ಎರಡು ಸುತ್ತು ಸುತ್ತಿ ಹಿಂದಕ್ಕೆ ತಿರುಗಿ ಹುರಿ ಬಿಚ್ಚಿಬಿಡುತ್ತದೆ.

ಹಳೆಯ ಸಿಡಿ ಎರಡು ಇದ್ದರೆ ಮನೆಯಲ್ಲೇ ಆಗುತ್ತದೆ. ಎರಡೂ ಸೇರಿ ಸುಮಾರು 30 ಗ್ರಾಂ. ನಡುವಿನ ತೂತಿಗೆ ರಬ್ಬರ್ ವಾಷರ್, ಅದರೊಳಗೆ ಒಂದಡಿ ಉದ್ದದ ನೇರವಾದ ಮರದ ಕಡ್ಡಿ, ಮೇಲ್ತುದಿಗೆ ಒಂದು ಚಿಕ್ಕ ಕೊಕ್ಕೆ. ಕಡ್ಡಿ ನೇರ ಇರಬೇಕು, ಕೊಕ್ಕೆಯ ಬಾಗು ಕಡ್ಡಿಯ ನಟ್ಟನಡುವೆ ಬರಬೇಕು, ಇಷ್ಟೇ. ಇವೆರಡು ತಪ್ಪಿದರೆ ತಕಲಿ ತಲೆ ಅಲ್ಲಾಡಿಸುತ್ತದೆ.

ಬಣ್ಣದ ಉಣ್ಣೆಗೆ ತಕಲಿಯಷ್ಟು ಒಳ್ಳೆಯ ಗುರು ಇಲ್ಲ. ನಿಧಾನ ಇರುವುದರಿಂದ ಒಂದು ಬಣ್ಣ ಇನ್ನೊಂದಕ್ಕೆ ಸೇರುವ ಜಾಗ ಕಣ್ಣೆದುರಿಗೇ ನಡೆಯುತ್ತದೆ, ಬೇಡ ಅನಿಸಿದರೆ ಅಲ್ಲೇ ನಿಲ್ಲಿಸಿ ಕಿತ್ತು ಬೇರೆ ಬಣ್ಣ ಜೋಡಿಸಬಹುದು. ಜೇಬಿಗೆ ದುಬಾರಿಯಲ್ಲ, ಚೀಲದಲ್ಲಿ ಹಿಡಿಯುತ್ತದೆ, ಕರೆಂಟು ಬೇಡ.

ಅನಾನುಕೂಲ ಎರಡು. ಒಂದು, ಕೈ ಎತ್ತಿಕೊಂಡೇ ಇರಬೇಕು. ಭುಜ ನೋವಿದ್ದವರಿಗೆ ಬೇಗ ಸಾಕಾಗುತ್ತದೆ. ಇನ್ನೊಂದು ಬಣ್ಣಕ್ಕೇ ಸೇರಿದ್ದು, ಇದನ್ನು ಗಮನವಿಟ್ಟು ಓದಿ. ತಕಲಿಯಲ್ಲಿ ಸುತ್ತಿದ ಎಳೆ ಜಾಸ್ತಿಯಾದರೆ ಭಾರವಾಗುತ್ತದೆ, ಆಗ ಅದನ್ನು ಬಿಚ್ಚಿ ರಟ್ಟಿನ ಕೊಳವೆಗೋ ಉಂಡೆಗೋ ಸುತ್ತಿಕೊಳ್ಳಬೇಕು. ಒಂದು ಸಲ ಬಿಚ್ಚಿ ಸುತ್ತಿದರೆ ಬಣ್ಣದ ಸಾಲು ತಿರುಗಿಬೀಳುತ್ತದೆ, ಕೊನೆಗೆ ನೂಲಿದ್ದು ಒಳಗೆ ಹೋಗುತ್ತದೆ. ಪಟ್ಟೆ ಹೊಂದಿಸಬೇಕಾದರೆ ಎರಡೂ ಎಳೆಗಳನ್ನು ಜಡೆಯ ಒಂದೇ ತುದಿಯಿಂದ ನೂಲಲು ಶುರು ಮಾಡಿ, ಎರಡನ್ನೂ ಅಷ್ಟೇ ಸಲ ಬಿಚ್ಚಿ ಸುತ್ತಿ. ಒಂದನ್ನು ತಕಲಿಯಿಂದ ನೇರವಾಗಿ, ಇನ್ನೊಂದನ್ನು ಉಂಡೆಯಿಂದ ತೆಗೆದು ಹುರಿ ಹಾಕಿದರೆ ನೀಲಿಗೆ ಹಳದಿ ಜೋಡಿಯಾಗುತ್ತದೆ. ಪ್ರತಿ ಉಂಡೆಗೂ ಒಂದು ಚೀಟಿ ಕಟ್ಟಿ, ಹೊರಗಿನ ಬಣ್ಣ ಯಾವುದು ಅಂತ ಬರೆದಿಡಿ.

ಪೆಟ್ಟಿಗೆ ಚರಕ

ಯರವಡಾ ಜೈಲಿನಲ್ಲಿದ್ದಾಗ ಗಾಂಧೀಜಿ ಕೂತು ಸುಧಾರಿಸಿದ, ಮಡಚಿ ಹೊತ್ತೊಯ್ಯಬಹುದಾದ ಚರಕ. ನಮ್ಮ ಮನೆಗಳಲ್ಲಿ ಹಿರಿಯರ ಕಾಲದ್ದು ಅಟ್ಟದ ಮೇಲೆ ಇರುವುದೂ ಉಂಟು. ಹಾಗಾಗಿ ಇದರಲ್ಲಿ ಆಗುತ್ತಾ ಅನ್ನುವ ಆಸೆ ಸಹಜ.

ಆಗುತ್ತದೆ, ಆದರೆ ಜಡೆಯ ಉಣ್ಣೆಗೆ ಇದು ಒಗ್ಗುವುದಿಲ್ಲ. ಒಂದು ಕೈ ಚಕ್ರ ತಿರುಗಿಸುತ್ತಿರುವುದರಿಂದ ನೂಲು ತೆಗೆಯಲು ಉಳಿಯುವುದು ಒಂದೇ ಕೈ. ಕದಿರಿನ, ಅಂದರೆ ಚರಕದಲ್ಲಿ ತಿರುಗುವ ಮೊನಚು ಕಡ್ಡಿಯ, ತುದಿಯಿಂದ ಹಂಜಿಯನ್ನು, ಅಂದರೆ ಹಿಂಜಿ ಸುತ್ತಿದ ನಾರಿನ ಸುರುಳಿಯನ್ನು, ಹಿಂದಕ್ಕೆ ಎಳೆಯುತ್ತಾ ಹೋಗಬೇಕು. ಗಿಡ್ಡ ಎಳೆಯ, ಹಿಂಜಿ ಹಂಜಿ ಮಾಡಿದ ನಾರು ಈ ಎಳೆತಕ್ಕೆ ಸಲೀಸಾಗಿ ಬರುತ್ತದೆ. ಬಾಚಿದ ಟಾಪ್‌ನ ಉದ್ದ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ಬರುತ್ತವೆ, ಇಲ್ಲ ಜಾರಿ ಕಿತ್ತುಹೋಗುತ್ತವೆ. ಅದರ ಮೇಲೆ, ಕದಿರು ಹತ್ತಿಯ ಸಣ್ಣ ನೂಲಿಗೆ ಬೇಕಾದ ವೇಗದಲ್ಲಿ ತಿರುಗುತ್ತದೆ, ಉಣ್ಣೆಗೆ ಅಷ್ಟು ಹುರಿ ಬಿದ್ದರೆ ನೂಲು ದಾರದ ಹಾಗೆ ಬಿರುಸಾಗುತ್ತದೆ.

ಹಾಗಂತ ಚರಕ ಇದ್ದವರು ಕೈಬಿಡಬೇಡಿ. ಎರಡು ಮೂರು ಬಣ್ಣದ ಉಣ್ಣೆಯನ್ನು ಮುಳ್ಳಿನ ಹಲಗೆ ಜೋಡಿಯಲ್ಲಿ, ಅಂದರೆ ಹ್ಯಾಂಡ್ ಕಾರ್ಡ್‌ನಲ್ಲಿ, ಹಿಂಜಿ ಬೆರೆಸಿ ಹಂಜಿ ಸುತ್ತಿಕೊಂಡರೆ ಚರಕದಲ್ಲಿ ಒಳ್ಳೆಯ ನೂಲು ಬರುತ್ತದೆ. ಪಟ್ಟೆ ಸಿಗುವುದಿಲ್ಲ, ಆದರೆ ಹತ್ತಿರದಿಂದ ನೋಡಿದರೆ ಹಲವು ಬಣ್ಣ, ದೂರದಿಂದ ಒಂದೇ ಬಣ್ಣ ಕಾಣುವ ಬೆಚ್ಚನೆಯ ನೂಲು. ಚಕ್ರವನ್ನು ನಿಧಾನ ತಿರುಗಿಸಿ, ಅಷ್ಟೇ.

ಪೆಡಲ್ ರಾಟೆ

ಕಾಲಿನಿಂದ ತುಳಿಯುವ ರಾಟೆಯಲ್ಲಿ ಎರಡೂ ಕೈ ಬಿಡುವಾಗುತ್ತವೆ, ನೂಲು ತಾನಾಗಿ ಬಾಬಿನ್‌ಗೆ ಸುತ್ತಿಕೊಳ್ಳುತ್ತದೆ, ಮಧ್ಯೆ ನಿಲ್ಲಿಸಿ ಸುತ್ತುವ ಕೆಲಸ ಇಲ್ಲ. ಸ್ವೆಟರ್, ಶಾಲು ಅನ್ನುವವರಿಗೆ ಇದೇ ಸರಿ. ಬಾಬಿನ್‌ನಿಂದ ನೇರವಾಗಿ ಹುರಿ ಹಾಕುವಾಗ ಎರಡೂ ಎಳೆಗಳಲ್ಲಿ ಕೊನೆಗೆ ನೂಲಿದ್ದೇ ಮೊದಲು ಬರುವುದರಿಂದ ಪಟ್ಟೆ ಹೊಂದಿಸುವುದು ತಕಲಿಗಿಂತ ಸುಲಭ.

ಆಶ್‌ಫರ್ಡ್ ಹೆಸರು ಎಲ್ಲರೂ ಕೇಳಿರುತ್ತೀರಿ. ನ್ಯೂಜಿಲೆಂಡಿನ ಆಶ್‌ಬರ್ಟನ್ ಊರಿನದು, 1934ರಿಂದ ಇರುವ, ರಾಟೆ ಮಾಡುವ ಕಂಪನಿ. ಹಳೆಯ ರಾಟೆಗೂ ಬಿಡಿಭಾಗ ಸಿಗುತ್ತದೆ ಅನ್ನುವುದು ಇದರ ದೊಡ್ಡ ಗುಣ. ಆದರೆ ಭಾರತಕ್ಕೆ ತರಿಸಿಕೊಳ್ಳುವಾಗ ಸಾಗಣೆ, ಕಸ್ಟಮ್ಸ್ ಸೇರಿ ಬೆಲೆ ಹತ್ತಾರು ಸಾವಿರ ದಾಟುತ್ತದೆ. ಆಕ್ಲೆಂಡ್, ಮೆಲ್ಬರ್ನ್ ಕಡೆ ಇರುವ ಕನ್ನಡಿಗರಿಗೆ ಮಾತು ಬೇರೆ. ಅಲ್ಲಿ ಸೆಕೆಂಡ್ ಹ್ಯಾಂಡ್ ರಾಟೆ ಸಿಗುತ್ತವೆ, ಊರೂರಿನಲ್ಲಿ ನೂಲುವವರ ಸಂಘಗಳಿವೆ, ಹೊಸದನ್ನು ಕೊಳ್ಳುವ ಮೊದಲು ಅಲ್ಲಿ ಕೂತು ತುಳಿದು ನೋಡಿ.

ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಚಕ್ರವನ್ನು ಜೋರಾಗಿ ತಿರುಗಿಸಿ ಎದುರಿಗೆ ನಿಂತು ನೋಡಿ. ಎಡಕ್ಕೆ ಬಲಕ್ಕೆ ಓಲಾಡಬಾರದು, ಬೆಲ್ಟ್ ಜಾರಬಾರದು. ಫ್ಲೈಯರ್‌ನ, ಅಂದರೆ ಬಾಬಿನ್ ಸುತ್ತ ತಿರುಗಿ ನೂಲಿಗೆ ಹುರಿ ಕೊಡುವ ಕವೆಯ, ಕೊಕ್ಕೆಗಳು ಎಲ್ಲ ಇವೆಯಾ, ತುಕ್ಕು ಹಿಡಿದು ನೂಲಿಗೆ ಸಿಕ್ಕಿಕೊಳ್ಳುತ್ತವೆಯಾ ನೋಡಿ. ಬಾಬಿನ್ ಕಡಿಮೆ ಎಂದರೆ ಮೂರಾದರೂ ಇರಲಿ. ಎರಡು ಎಳೆಗೆ ಎರಡು, ಹುರಿ ಹಾಕಿದ್ದು ಸುತ್ತಿಕೊಳ್ಳಲು ಒಂದು.

ರಾಟೆಯ ವಿವರದಲ್ಲಿ 6:1, 12:1 ಅಂತ ಬರೆದಿರುತ್ತದೆ. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಫ್ಲೈಯರ್ ಆರು ಸುತ್ತು, ಹನ್ನೆರಡು ಸುತ್ತು ಎಂದರ್ಥ. ದಪ್ಪ ನೂಲಿಗೆ, ಕಲಿಯುವವರಿಗೆ ಚಿಕ್ಕ ಸಂಖ್ಯೆ. ಸಣ್ಣ ನೂಲಿಗೆ ದೊಡ್ಡದು. ಎರಡು ಪೆಡಲ್ ಇದ್ದರೆ ಚಕ್ರ ಶುರು ಮಾಡುವುದು ಸುಲಭ, ಒಂದೇ ಪೆಡಲ್ ಇದ್ದರೆ ನೋವಿರುವ ಕಾಲಿಗೆ ವಿಶ್ರಾಂತಿ ಕೊಡಬಹುದು. ಅದಕ್ಕೇ ಹೇಳುವುದು, ತುಳಿದು ನೋಡದೆ ಕೊಳ್ಳಬೇಡಿ.

ಮೋಟಾರ್ ಯಂತ್ರ

ಇ-ಸ್ಪಿನ್ನರ್ ಎಂದರೆ ಪೆಡಲ್ ಮತ್ತು ದೊಡ್ಡ ಚಕ್ರ ತೆಗೆದು, ಬರೀ ಬಾಬಿನ್, ಫ್ಲೈಯರ್ ಮತ್ತು ಒಂದು ಚಿಕ್ಕ ಮೋಟಾರ್ ಇಟ್ಟದ್ದು. ಮೇಜಿನ ಮೇಲೆ ಕೂರುತ್ತದೆ. ಎಲೆಕ್ಟ್ರಿಕ್ ಈಲ್ ವೀಲ್ ನ್ಯಾನೋ ಥರದ ಚಿಕ್ಕ ಯಂತ್ರಗಳು ಪೆಡಲ್ ರಾಟೆಗಿಂತ ತುಂಬಾ ಅಗ್ಗ, ಬಾಬಿನ್ ಮಾತ್ರ ಪುಟ್ಟದು. ದೊಡ್ಡ ಕಂಪನಿಗಳ ಇ-ಸ್ಪಿನ್ನರ್‌ಗಳು ರಾಟೆಯಷ್ಟೇ ದುಬಾರಿ, ಕೆಲವು ಜಾಸ್ತಿಯೇ.

ಮೊಣಕಾಲು ನೋವಿನವರಿಗೆ, ಸೋಫಾದಲ್ಲಿ ಕಾಲು ಚಾಚಿ ಕೂತು ನೂಲಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಸರಪಳಿ ಹುರಿಗೂ ಅನುಕೂಲ, ವೇಗ ತೀರಾ ಕಮ್ಮಿ ಇಟ್ಟುಕೊಂಡು ಗಮನವನ್ನೆಲ್ಲ ಕೈಗೆ ಕೊಡಬಹುದು. ಆದರೆ ಕೈ ಇನ್ನೂ ಪಳಗದವರಿಗೆ ಯಂತ್ರ ಕಾಯುವುದಿಲ್ಲ. ನೀವು ತಡವರಿಸಿದರೂ ಹುರಿ ಬೀಳುತ್ತಲೇ ಇರುತ್ತದೆ. ಹಾಗಾಗಿ ಮೊದಲು ಸ್ವಲ್ಪ ದಿನ ತಕಲಿಯಲ್ಲಿ ಕಲಿತು ಆಮೇಲೆ ಇದಕ್ಕೆ ಬನ್ನಿ ಅನ್ನುತ್ತೇನೆ. ಸದ್ದೂ ಇದೆ, ಸಣ್ಣಗೆ ಗುಂಯ್ ಅನ್ನುತ್ತಿರುತ್ತದೆ. ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವವರು ಮೊದಲು ಕೇಳಿಸಿಕೊಂಡು ನೋಡಿ. ಕರೆಂಟು ಹೋದರೆ ಕೆಲಸ ನಿಲ್ಲಬಾರದು ಎಂದರೆ ಬ್ಯಾಟರಿ ಅಥವಾ ಪವರ್ ಬ್ಯಾಂಕ್‌ನಿಂದ ನಡೆಯುವ ಮಾದರಿಯೇ ಎಂದು ಕೇಳಿ ತೆಗೆದುಕೊಳ್ಳಿ.

ಉಣ್ಣೆ ಯಾವುದು?

ಉಣ್ಣೆಯನ್ನು ಕುರಿಯ ತಳಿಯ ಹೆಸರಿನಿಂದಲೇ ಕರೆಯುತ್ತಾರೆ, ಅದರಲ್ಲಿ ಮೆರಿನೋ ಎಲ್ಲರ ಬಾಯಲ್ಲೂ ಇರುವ ಹೆಸರು. ಎಳೆ 24 ಮೈಕ್ರಾನ್‌ಗಿಂತ ಸಣ್ಣ, ಕುತ್ತಿಗೆಗೆ ಚುಚ್ಚುವುದಿಲ್ಲ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಜಾರುತ್ತದೆ, ಜಾಸ್ತಿ ಹುರಿ ಕೇಳುತ್ತದೆ, ಬೇಗ ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತದೆ. ಮೊದಲ ಉಣ್ಣೆಯಾಗಿ ನಾನು ಕಾರಿಡೇಲ್ ಅನ್ನುತ್ತೇನೆ. ಎಳೆ ಸ್ವಲ್ಪ ದಪ್ಪ, ಉದ್ದ, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಹೊಸ ಕೈಯ ಏರುಪೇರನ್ನು ತಡೆದುಕೊಳ್ಳುತ್ತದೆ. ಬ್ಲೂಫೇಸ್ಡ್ ಲೆಸ್ಟರ್ ಸಿಕ್ಕರೆ ಬಿಡಬೇಡಿ, ಅದರ ಮಿಂಚಿನಲ್ಲಿ ಬಣ್ಣ ಇನ್ನೂ ಆಳವಾಗಿ ಕಾಣುತ್ತದೆ.

ಯಾವ ಉಣ್ಣೆಯೇ ಆಗಲಿ, ತುದಿಯಿಂದ ಒಂದು ಚಿಟಿಕೆ ಎಳೆದು ಎಳೆಯ ಉದ್ದ ನೋಡಿ. ನೂಲುವಾಗ ಎರಡು ಕೈಗಳ ನಡುವೆ ಅದಕ್ಕಿಂತ ಜಾಸ್ತಿ ಅಂತರ ಇರಬೇಕು. ಕೈಗಳು ಹತ್ತಿರ ಇದ್ದರೆ ಒಂದೇ ಎಳೆಯ ಎರಡೂ ತುದಿ ನಿಮ್ಮ ಹಿಡಿತದಲ್ಲಿರುತ್ತದೆ, ಎಷ್ಟು ಜಗ್ಗಿದರೂ ಅಲುಗುವುದಿಲ್ಲ. ಉಣ್ಣೆ ಚೆನ್ನಾಗಿಲ್ಲ ಅಂತ ಅನಿಸುವುದು ಇಲ್ಲೇ.

ಇನ್ನು ನಮ್ಮದೇ ಡೆಕ್ಕನಿ ಕುರಿಯ ಉಣ್ಣೆ. ಚಳ್ಳಕೆರೆ ಕಡೆಯ ಕರಿ ಕಂಬಳಿಯ ಉಣ್ಣೆ ಇದೇ. ಕುರುಬರ ಮನೆಗಳಲ್ಲಿ ಹೆಂಗಸರು ಕೈರಾಟೆಯಲ್ಲಿ ನೂಲು ತೆಗೆದು, ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲಿಗೆ) ಹುಣಸೆ ಬೀಜದ ಗಂಜಿ ಹಾಕಿ, ಗುಂಡಿಮಗ್ಗದಲ್ಲಿ ನೇಯ್ದದ್ದು ಮಳೆ ಚಳಿ ಎರಡಕ್ಕೂ ಆಗುತ್ತದೆ. ಎಳೆ ಒರಟು, ಗಿಡ್ಡ. ಸ್ವೆಟರ್‌ಗೆ ಬೇಡ, ಚುಚ್ಚುತ್ತದೆ. ಚೀಲ, ಚಾಪೆ, ಕೂರುವ ಆಸನ ಮಾಡುವವರಿಗೆ ಇದರಂಥದ್ದು ಇಲ್ಲ. ಕಪ್ಪು, ಕಂದು, ಬೂದು ಕುರಿಯ ಮೈಮೇಲೇ ಸಿಗುತ್ತದೆ. ಬಣ್ಣ ಹಾಕಬೇಕಾದರೆ ಬಿಳಿ ಅಥವಾ ಬೂದು ಆರಿಸಿಕೊಳ್ಳಿ. ಬೂದಿನ ಮೇಲೆ ಬಿದ್ದ ಕೆಂಪು, ನೀಲಿ ತಗ್ಗಿದ ಗಂಭೀರ ಬಣ್ಣವಾಗುತ್ತದೆ. ಹಿಂಜಿ ಹಂಜಿ ಮಾಡಬಹುದಾದ್ದರಿಂದ ಕೈರಾಟೆಗೆ ಚೆನ್ನಾಗಿ ಹೊಂದುತ್ತದೆ. ಕುರಿಗಳಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ, ಆ ಹೊತ್ತಿಗೆ ಹೋಗಿ ನೇರವಾಗಿ ಕೊಂಡರೆ ಸಾಕಿದವರ ಕೈಗೂ ನಾಲ್ಕು ಕಾಸು ಸೇರುತ್ತದೆ. ಮೆರಿನೋ ಜೊತೆ ಸೇರಿಸಿ ಹುರಿ ಹಾಕುವುದು ಬೇಡ. ತೊಳೆದಾಗ ಒಂದು ಕುಗ್ಗುತ್ತದೆ, ಇನ್ನೊಂದು ಅಷ್ಟು ಕುಗ್ಗುವುದಿಲ್ಲ, ನೂಲು ಸುಕ್ಕುಗಟ್ಟುತ್ತದೆ.

ಬಣ್ಣ ಮನೆಯಲ್ಲೇ ಹಾಕುವವರಿಗೆ ಒಂದು ಮಾತು. ಅರಿಶಿನ ಮೊದಲ ದಿನ ಚಿನ್ನ, ಬಿಸಿಲಿಗೆ ಬಿದ್ದರೆ ಬೇಗ ಮಾಸುತ್ತದೆ. ಪಟಿಕದಲ್ಲಿ ನೆನೆಸಿದ ಉಣ್ಣೆಗೆ ದಾಳಿಂಬೆ ಸಿಪ್ಪೆಯ ಹಳದಿ, ಮಂಜಿಷ್ಠದ ಕೆಂಪು ಅದಕ್ಕಿಂತ ಎಷ್ಟೋ ಗಟ್ಟಿ. ಕುದಿಯುವ ನೀರು ಬೇಡ, ಕಲಕುವುದೂ ಬೇಡ, ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಹಾಕುವುದಂತೂ ಬೇಡವೇ ಬೇಡ. ಪಾತ್ರೆಯಲ್ಲೇ ಆರಲಿ.

ಹಾಗಾದರೆ ನಿಮಗೆ ಯಾವುದು?

ನೂಲುವುದು ಇಷ್ಟವಾಗುತ್ತೋ ಇಲ್ಲವೋ ಗೊತ್ತಿಲ್ಲ, ಸಾವಿರ ರೂಪಾಯಿ ಒಳಗೆ ಮುಗಿಯಬೇಕು ಅನ್ನುವವರು ಸಿಡಿ ತಕಲಿ ಮಾಡಿಕೊಳ್ಳಿ, ಉಳಿದ ದುಡ್ಡಿಗೆ ಕಾರಿಡೇಲ್ ತನ್ನಿ. ಓಡಾಟದಲ್ಲೇ ದಿನ ಕಳೆಯುವವರಿಗೂ ತಕಲಿಯೇ, ಆದರೆ ಹಗುರವಾದ ಒಳ್ಳೆಯ ಮರದ್ದು. ಮನೆಯಲ್ಲಿ ಚರಕ ಇದ್ದರೆ ಹ್ಯಾಂಡ್ ಕಾರ್ಡ್ ಮಾತ್ರ ಕೊಂಡು ಬೆರಕೆ ಬಣ್ಣ ಮಾಡಿ, ಜಡೆ ಕೊಳ್ಳಬೇಡಿ. ವರ್ಷಕ್ಕೆ ಒಂದಾದರೂ ಸ್ವೆಟರ್ ಹೆಣೆಯುವವರು, ತಕಲಿಯಲ್ಲಿ 200 ಗ್ರಾಂ ನೂಲಿ ಹುರಿ ಹಾಕಿ ಮುಗಿಸಿದ ಮೇಲೂ ಆಸೆ ಹಾಗೇ ಇದ್ದರೆ, ಪೆಡಲ್ ರಾಟೆಗೆ ದುಡ್ಡು ಕೂಡಿಡಿ. ಅಷ್ಟು ದುಡ್ಡಿಲ್ಲ, ಅಥವಾ ಕಾಲು ಒಪ್ಪುವುದಿಲ್ಲ ಎಂದರೆ ಚಿಕ್ಕ ಇ-ಸ್ಪಿನ್ನರ್.

ರಾಟೆ ಮತ್ತು ಇ-ಸ್ಪಿನ್ನರ್ ನಡುವೆಯೇ ತೂಗಾಡುತ್ತಿದ್ದರೆ ಬಾಬಿನ್ ಎಷ್ಟು ಹಿಡಿಯುತ್ತದೆ ಎಂದು ಕೇಳಿ. 100 ಗ್ರಾಂ ಜಡೆಯನ್ನು ಎರಡು ಮಾಡಿ ನೂಲಿ, ಹುರಿ ಹಾಕಿದ ಪೂರ್ತಿ ಲಡಿ ಒಂದೇ ಬಾಬಿನ್‌ನಲ್ಲಿ ಹಿಡಿಯಬೇಕು. ಹಿಡಿಯದಿದ್ದರೆ ಮಧ್ಯದಲ್ಲಿ ಕತ್ತರಿಸಿ ಎರಡು ಲಡಿ ಮಾಡಬೇಕಾಗುತ್ತದೆ, ಉದ್ದಕ್ಕೆ ಇಳಿದು ಬರುವ ಬಣ್ಣ ಅಲ್ಲಿ ತುಂಡಾಗುತ್ತದೆ. ಟೋಪಿ, ಕಾಲುಚೀಲ ಹೆಣೆಯುವವರಿಗೆ ಇದು ದೊಡ್ಡ ವಿಷಯವಲ್ಲ. ಶಾಲು ಹೆಣೆಯುವವರು ಇದೊಂದನ್ನೇ ನೋಡಿ ತೀರ್ಮಾನ ಮಾಡಿದರೂ ತಪ್ಪಿಲ್ಲ.